ಗಂಟೆ ಬರೆದರೆ ಸಾಲದು, ಯಾವ ಗಡಿಯಾರದ್ದು ಎಂದೂ ಬರೆಯಬೇಕು

ಅಮೆರಿಕ, ಯೂರೋಪಿನ ಗಡಿಯಾರಗಳು ವರ್ಷಕ್ಕೆ ಎರಡು ಬಾರಿ ಜರುಗುತ್ತವೆ. ಕಂಪ್ಯೂಟರ್ ಈ ಜರುಗಾಟದ ಲೆಕ್ಕ ತಪ್ಪಿದರೆ ಸಂದೇಶಗಳ ಹಿಂದುಮುಂದು ಅದಲುಬದಲಾಗುತ್ತದೆ. ಈ ತಪ್ಪು ಹುಟ್ಟುವುದೆಲ್ಲಿ, ಅದನ್ನು ಗುರುತಿಸುವುದು ಹೇಗೆ, ತಿದ್ದುವುದು ಹೇಗೆ?

ಅಕ್ಕ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ, ತಮ್ಮ ಧಾರವಾಡದಲ್ಲಿ ಓದುತ್ತಿದ್ದಾನೆ ಎಂದಿಟ್ಟುಕೊಳ್ಳಿ. ತಮ್ಮ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬಿದ್ದಾನೆ. ಕಳಿಸುವ ಮುನ್ನ ಅಕ್ಕ ಒಮ್ಮೆ ನೋಡಲಿ ಎಂದು ಅವಳಿಗೊಂದು ಪ್ರತಿ ಕಳಿಸಿದ್ದಾನೆ. ಅಂದು 2024ರ ನವೆಂಬರ್ 3, ಭಾನುವಾರ. ಧಾರವಾಡದಲ್ಲಿ ಬೆಳಿಗ್ಗೆ 11 ಗಂಟೆ 20 ನಿಮಿಷ. ನ್ಯೂಜೆರ್ಸಿಯಲ್ಲಿ ನಡುರಾತ್ರಿ ಕಳೆದು 1 ಗಂಟೆ 50 ನಿಮಿಷ. ನಿದ್ದೆಗೆಟ್ಟು ಕೂತ ಅಕ್ಕ ಒಂದು ಸಂದೇಶ ಕಳಿಸುತ್ತಾಳೆ: "ಅರ್ಜಿ ಈಗ ಕಳಸಬ್ಯಾಡೋ, ಒಂದು ತಪ್ಪು ಇದ್ದಂಗ ಅನಸ್ತದ. ನೋಡ್ತೀನಿ, ತಡಿ." ಹದಿನೈದು ನಿಮಿಷ ಬಿಟ್ಟು ಇನ್ನೊಂದು ಸಂದೇಶ: "ನೋಡಿದೆ, ಎಲ್ಲಾ ಸರಿ ಅದ. ಕಳಸು."

ಈ ಎರಡನೆಯ ಸಂದೇಶ ಹೊರಟಾಗ ಅಕ್ಕನ ಮನೆಯ ಗಡಿಯಾರದಲ್ಲಿ ಎಷ್ಟು ಗಂಟೆ? 1:50ಕ್ಕೆ ಹದಿನೈದು ನಿಮಿಷ ಸೇರಿಸಿದರೆ 2:05 ಎಂದು ಮೂರನೆಯ ತರಗತಿಯ ಮಗುವೂ ಹೇಳೀತು. ಆದರೆ ಅಂದು ಅಲ್ಲಿ 1:05! ಏಕೆಂದರೆ ಆ ರಾತ್ರಿ 2 ಗಂಟೆ ಆಗುತ್ತಿದ್ದಂತೆಯೇ ಕಾನೂನಿನ ಪ್ರಕಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಲಾಯಿತು.

ಸಂದೇಶ ತಲುಪಿಸುವ ತಂತ್ರಾಂಶ ಗೋಡೆಯ ಗಡಿಯಾರದ ಅಂಕಿಯನ್ನಷ್ಟೇ ಬರೆದುಕೊಂಡು, ಅದರ ಪ್ರಕಾರವೇ ಸಂದೇಶಗಳನ್ನು ಸಾಲಾಗಿ ಜೋಡಿಸಿದರೆ ಏನಾದೀತು? 1:05ರ "ಕಳಸು" ಮೇಲೆ ಬರುತ್ತದೆ. 1:50ರ "ಕಳಸಬ್ಯಾಡ" ಕೊನೆಯ ಮಾತಾಗಿ ಕೆಳಗೆ ಕೂರುತ್ತದೆ. ಹೊರಗೆ ಹೋಗಿದ್ದ ತಮ್ಮ ಸಂಜೆ ಬಂದು ಎರಡನ್ನೂ ಒಟ್ಟಿಗೆ ಓದುತ್ತಾನೆ. ಅಕ್ಕನ ಮಾತು ಮೀರದ ಹುಡುಗ ಸುಮ್ಮನೆ ಕಾಯುತ್ತಾನೆ. ಅರ್ಜಿಯ ಕೊನೆಯ ದಿನ ಅಂದೇ ಆಗಿದ್ದರೆ ಒಂದು ವರ್ಷದ ಅವಕಾಶವೇ ಕೈತಪ್ಪಿತು. ಅಕ್ಕ ಸರಿಯಾಗಿಯೇ ಹೇಳಿದ್ದಳು, ತಮ್ಮ ಸರಿಯಾಗಿಯೇ ಓದಿದ್ದ. ತಪ್ಪಿದ್ದು ಗಂಟೆಯ ಲೆಕ್ಕ.

ಹಗಲಿನ ಉಳಿತಾಯ

ಬೇಸಿಗೆ ಹತ್ತಿರವಾದಾಗ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದು, ಚಳಿಗಾಲ ಹತ್ತಿರವಾದಾಗ ಅದನ್ನು ಹಿಂದಕ್ಕೆ ತರುವುದು – ಈ ಪದ್ಧತಿಗೆ ಡೇಲೈಟ್ ಸೇವಿಂಗ್ ಟೈಮ್ ಎಂದು ಹೆಸರು. ಕನ್ನಡದಲ್ಲಿ ಬೇಸಿಗೆ ಸಮಯ ಎನ್ನಬಹುದು. ನಮಗೆ ಇದು ವಿಚಿತ್ರವೆನಿಸುವುದು ಸಹಜ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ, ಡಿಸೆಂಬರಿನ ಹಗಲು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ಬೇಸಿಗೆಯಲ್ಲಿ ಜನ ಏಳುವ ಮೊದಲೇ ಗಂಟೆಗಟ್ಟಲೆ ಬಿಸಿಲು ಹರಿದು ವ್ಯರ್ಥವಾಗುತ್ತದೆ. ಗಡಿಯಾರವನ್ನೇ ಮುಂದಿಟ್ಟರೆ ಜನ ಬೇಗ ಏಳುತ್ತಾರೆ, ಸಂಜೆಗೆ ಒಂದು ಗಂಟೆ ಹೆಚ್ಚು ಬೆಳಕು ಸಿಗುತ್ತದೆ ಎಂಬುದು ತರ್ಕ.

ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಅಂಚೆ ಇಲಾಖೆಯ ನೌಕರನಾಗಿದ್ದ ಜಾರ್ಜ್ ಹಡ್ಸನ್ ಬಿಡುವಿನಲ್ಲಿ ಕೀಟಗಳನ್ನು ಸಂಗ್ರಹಿಸುತ್ತಿದ್ದ. ಗಡಿಯಾರ ಜರುಗಿಸುವ ಸಲಹೆಯನ್ನು ಅವನು 1895ರಲ್ಲಿಯೇ ಮುಂದಿಟ್ಟ. ಇಂಗ್ಲೆಂಡಿನ ಕಟ್ಟಡ ಗುತ್ತಿಗೆದಾರ ವಿಲಿಯಂ ವಿಲೆಟ್ 1907ರಲ್ಲಿ ಇದಕ್ಕಾಗಿಯೇ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ ಹಂಚಿದ. ಆಗ ಜನ ನಕ್ಕರು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಉಳಿಸುವ ಒತ್ತಡ ಬಂದಾಗ ಮಾತ್ರ ನಗು ನಿಂತಿತು. 1916ರ ಏಪ್ರಿಲ್ 30ರಂದು ಜರ್ಮನಿ ಗಡಿಯಾರವನ್ನು ಮುಂದಿಟ್ಟಿತು, ಮೂರು ವಾರದಲ್ಲಿ ಬ್ರಿಟನ್ ಅದನ್ನೇ ಅನುಸರಿಸಿತು, 1918ರಲ್ಲಿ ಅಮೆರಿಕ ಸೇರಿಕೊಂಡಿತು. ವಿಲೆಟ್ ಅದನ್ನು ನೋಡಲು ಉಳಿದಿರಲಿಲ್ಲ. ಅವನು 1915ರಲ್ಲಿಯೇ ತೀರಿಕೊಂಡಿದ್ದ.

ಅಂದಿನಿಂದ ಈ ನಿಯಮ ನೆಟ್ಟಗೆ ನಿಂತದ್ದೇ ಇಲ್ಲ. ಅಮೆರಿಕದಲ್ಲಿ 1966ರ ಕಾನೂನು ದೇಶಕ್ಕೆಲ್ಲ ಒಂದೇ ಪದ್ಧತಿ ತರಲು ಹೊರಟಿತು. 1987ರಿಂದ ಆರಂಭದ ದಿನ ಏಪ್ರಿಲ್‌ನ ಮೊದಲ ಭಾನುವಾರಕ್ಕೆ ಬಂತು. 2005ರಲ್ಲಿ ಮಾಡಿದ ಕಾನೂನಿನಂತೆ 2007ರಿಂದ ಮಾರ್ಚ್‌ನ ಎರಡನೆಯ ಭಾನುವಾರ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಎಂದಾಯಿತು. ಹವಾಯಿ ರಾಜ್ಯ ಇದನ್ನು ಪಾಲಿಸುವುದಿಲ್ಲ. ಅರಿಜೋನಾ ರಾಜ್ಯವೂ ಪಾಲಿಸುವುದಿಲ್ಲ, ಆದರೆ ಆ ರಾಜ್ಯದೊಳಗಿನ ನವಾಹೋ ಬುಡಕಟ್ಟಿನ ಪ್ರದೇಶ ಪಾಲಿಸುತ್ತದೆ! ಯೂರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಭೂಮಧ್ಯರೇಖೆಯ ಆಚೆಗಿರುವ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಎಲ್ಲವೂ ತಿರುವುಮುರುವು: ಅಕ್ಟೋಬರಿನಲ್ಲಿ ಮುಂದಕ್ಕೆ, ಏಪ್ರಿಲ್‌ನಲ್ಲಿ ಹಿಂದಕ್ಕೆ.

ಇಲ್ಲದ ಗಂಟೆ, ಎರಡು ಸಲ ಬರುವ ಗಂಟೆ

ಇದರಿಂದ ಎರಡು ವಿಚಿತ್ರಗಳು ಹುಟ್ಟುತ್ತವೆ. ನ್ಯೂಯಾರ್ಕಿನಲ್ಲಿ 2024ರ ಮಾರ್ಚ್ 10ರಂದು ರಾತ್ರಿ 1:59 ಆದಮೇಲೆ ಬಂದದ್ದು 3:00. ಅಂದು ಅಲ್ಲಿ ಎರಡೂವರೆ ಗಂಟೆ ಎಂಬುದು ಹುಟ್ಟಲೇ ಇಲ್ಲ. ಅದೇ ವರ್ಷದ ನವೆಂಬರ್ 3ರಂದು ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬಂತು. ಆ ಹೊತ್ತಿನಲ್ಲಿ ಅವಳಿ ಮಕ್ಕಳು ಹುಟ್ಟಿದರೆ 1:40ಕ್ಕೆ ಹುಟ್ಟಿದ ಮಗು ಹಿರಿಯದಾಗಿ, 1:10ಕ್ಕೆ ಹುಟ್ಟಿದ ಮಗು ಕಿರಿಯದಾಗಿ ದಾಖಲಾಗಬಹುದು. ಅಮೆರಿಕದ ಆಮ್‌ಟ್ರಾಕ್ ಸಂಸ್ಥೆಯ ರಾತ್ರಿ ರೈಲುಗಳು ನವೆಂಬರಿನ ಆ ಒಂದು ರಾತ್ರಿ ದಾರಿಯ ನಿಲ್ದಾಣದಲ್ಲಿ ಒಂದು ಗಂಟೆ ಸುಮ್ಮನೆ ನಿಂತು, ವೇಳಾಪಟ್ಟಿ ತಮ್ಮನ್ನು ಮುಟ್ಟುವವರೆಗೆ ಕಾಯುತ್ತವೆ. ಮನುಷ್ಯರು ಹೀಗೆ ಹೇಗೋ ಹೊಂದಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಮಾತ್ರ ಯಾರಾದರೂ ಬಿಡಿಸಿ ಹೇಳಲೇಬೇಕು.

ಕಂಪ್ಯೂಟರಿನ ಒಳಗಿನ ಗಡಿಯಾರ

ಚೆನ್ನಾಗಿ ರಚಿಸಿದ ತಂತ್ರಾಂಶ ಗಂಟೆ, ನಿಮಿಷ ಎಂದು ಬರೆದಿಡುವುದೇ ಇಲ್ಲ. ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಿಂದ ಬಂದ ಪದ್ಧತಿಯೊಂದಿದೆ: 1970ರ ಜನವರಿ 1ರ ಆರಂಭದಿಂದ ಎಷ್ಟು ಸೆಕೆಂಡು ಕಳೆದಿವೆ ಎಂದು ಎಣಿಸುತ್ತ ಹೋಗುವುದು. ಈ ಎಣಿಕೆಗೆ ಆಧಾರ ಯು.ಟಿ.ಸಿ. ಎಂಬ ವಿಶ್ವಸಮಯ. ಅದಕ್ಕೆ ಊರಿಲ್ಲ, ಬೇಸಿಗೆಯಿಲ್ಲ, ಹಿಂದೆಮುಂದೆ ಜರುಗುವ ಚಟವೂ ಇಲ್ಲ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನ್ಯೂಯಾರ್ಕ್, ನ್ಯೂಜೆರ್ಸಿಗಳ ಸಮಯ ಬೇಸಿಗೆಯಲ್ಲಿ ಅದಕ್ಕಿಂತ ನಾಲ್ಕು ಗಂಟೆ, ಚಳಿಗಾಲದಲ್ಲಿ ಐದು ಗಂಟೆ ಹಿಂದೆ.

ಈ ಲೆಕ್ಕದಲ್ಲಿ ಅಕ್ಕನ ಮೊದಲ ಸಂದೇಶದ ಹೊತ್ತು 1730613000. ಎರಡನೆಯದು 1730613900. ಗೋಡೆಯ ಗಡಿಯಾರ ಹಿಂದೆ ಹೋದರೂ ಸೆಕೆಂಡುಗಳ ಎಣಿಕೆ ಹಿಂದೆ ಹೋಗಲಿಲ್ಲ. ಎರಡರ ವ್ಯತ್ಯಾಸ 900 ಸೆಕೆಂಡು, ಅಂದರೆ ಹದಿನೈದು ನಿಮಿಷ. ಇದರ ಪ್ರಕಾರ ಜೋಡಿಸಿದರೆ "ಕಳಸಬ್ಯಾಡ" ಮೊದಲು, "ಕಳಸು" ಆಮೇಲೆ. ಓದುವವನ ಪರದೆಗೆ ಬರುವಾಗ ಮಾತ್ರ ಈ ಸಂಖ್ಯೆಯನ್ನು ಆಯಾ ಊರಿನ ಗಂಟೆಗೆ ಅನುವಾದಿಸಬೇಕು. ಧಾರವಾಡದ ಪರದೆಯಲ್ಲಿ 11:20 ಮತ್ತು 11:35, ನ್ಯೂಜೆರ್ಸಿಯಲ್ಲಿ 1:50 ಮತ್ತು 1:05. ಕಾಣುವ ಅಂಕಿ ಬೇರೆ, ಕ್ರಮ ಒಂದೇ.

ಇ-ಮೇಲ್ ಇನ್ನೊಂದು ದಾರಿ ಹಿಡಿಯಿತು. ಪ್ರತಿ ಪತ್ರದ ತಲೆಬರಹದಲ್ಲಿ ಕಳಿಸಿದ ಊರಿನ ಗಂಟೆಯ ಜೊತೆ, ಅದು ವಿಶ್ವಸಮಯಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ಎಂಬ ಅಂಕಿಯೂ ಇರುತ್ತದೆ. ಅಕ್ಕ ಇ-ಮೇಲ್ ಕಳಿಸಿದ್ದರೆ ಒಂದರಲ್ಲಿ 01:50 -0400 ಎಂದೂ ಇನ್ನೊಂದರಲ್ಲಿ 01:05 -0500 ಎಂದೂ ಇರುತ್ತಿತ್ತು. ಧಾರವಾಡದಿಂದ ಹೋದ ಪತ್ರದಲ್ಲಿ +0530. ನಮ್ಮ ಅಂಚೆ ಕಚೇರಿಯ ಮುದ್ರೆಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ತಾರೀಖಿನ ಸುತ್ತ ಊರಿನ ಹೆಸರೂ ಇರುತ್ತದೆ. ಆ ಬಾಲದ ನಾಲ್ಕು ಅಂಕಿ ಊರಿನ ಹೆಸರಿನ ಕೆಲಸವನ್ನೇ ಮಾಡುತ್ತದೆ.

ಮೊದಲು ಅಂಕಿಯ ಬದಲು ಹೆಸರಿನ ಮೊದಲಕ್ಷರಗಳನ್ನು ಬರೆಯುವುದೂ ರೂಢಿಯಲ್ಲಿತ್ತು. 1982ರ ಇ-ಮೇಲ್ ನಿಯಮ ಅದಕ್ಕೆ ಅವಕಾಶ ಕೊಟ್ಟಿತ್ತು. ಆದರೆ ಐ.ಎಸ್.ಟಿ. ಎಂದರೆ ನಮಗೆ ಭಾರತದ ಸಮಯ, ಐರ್ಲೆಂಡಿನವರಿಗೆ ಐರ್ಲೆಂಡಿನದು, ಇಸ್ರೇಲಿನವರಿಗೆ ಇಸ್ರೇಲಿನದು. 2001ರಲ್ಲಿ ಪರಿಷ್ಕರಿಸಿದ ನಿಯಮ ಈ ಹೆಸರುಗಳನ್ನು ಹಳತೆಂದು ಬದಿಗಿಟ್ಟು, ಅಂಕಿಯನ್ನೇ ಬರೆಯಬೇಕೆಂದಿತು.

ತಪ್ಪು ಹುಟ್ಟುವ ನಾಲ್ಕು ಮೂಲೆಗಳು

ಇಷ್ಟೆಲ್ಲ ವ್ಯವಸ್ಥೆ ಇದ್ದ ಮೇಲೂ ತಪ್ಪು ಏಕೆ? ಇಂದಿನ ಹೆಸರಾಂತ ಸಂದೇಶ ತಂತ್ರಾಂಶಗಳು ಸಾಮಾನ್ಯವಾಗಿ ವಿಶ್ವಸಮಯವನ್ನೇ ಬಳಸುತ್ತವೆ. ಆದರೆ ಕಚೇರಿ, ಕಾಲೇಜುಗಳಿಗೆಂದು ಕೈಯಾರೆ ಬರೆದ ಸಣ್ಣ ತಂತ್ರಾಂಶಗಳಲ್ಲಿ, ಹಳೆಯ ದಾಖಲೆಗಳಲ್ಲಿ, ವಿದ್ಯಾರ್ಥಿಗಳ ಮೊದಲ ಪ್ರಯತ್ನಗಳಲ್ಲಿ ನಾಲ್ಕು ಬಗೆಯ ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ.

ಒಂದನೆಯದು ಈಗಾಗಲೇ ಕಂಡದ್ದು: ಗೋಡೆಯ ಗಡಿಯಾರದ ಅಂಕಿಯನ್ನು ಬಾಲವಿಲ್ಲದೆ ಬರೆದಿಡುವುದು. ಎರಡನೆಯದು ಇನ್ನೂ ಸೂಕ್ಷ್ಮ. ಒಳಗೆ ವಿಶ್ವಸಮಯವೇ ಇರುತ್ತದೆ, ಆದರೆ ತೋರಿಸುವಾಗ ಇಂದಿನ ವ್ಯತ್ಯಾಸವನ್ನು ಹಳೆಯ ಸಂದೇಶಗಳಿಗೂ ಹಚ್ಚುತ್ತಾರೆ. ಜುಲೈನಲ್ಲಿ ನ್ಯೂಯಾರ್ಕಿನಿಂದ 9 ಗಂಟೆಗೆ ಬರೆದದ್ದನ್ನು ಡಿಸೆಂಬರಿನಲ್ಲಿ ತೆರೆದರೆ 8 ಗಂಟೆ ಎಂದು ಕಾಣುತ್ತದೆ. ಹಿಂದಿನ ಹಲವು ತಂತ್ರಾಂಶಗಳಲ್ಲಿ "ಬೇಸಿಗೆ ಸಮಯ: ಹೌದು ಅಥವಾ ಇಲ್ಲ" ಎಂದು ಗುರುತು ಹಾಕುವ ಒಂದು ಚೌಕವಿರುತ್ತಿತ್ತು. ಆ ಗುರುತು ಬದಲಿಸಿದೊಡನೆ ವರ್ಷಗಳ ಹಿಂದಿನ ಪತ್ರಗಳೂ ಒಂದು ಗಂಟೆ ಜಿಗಿಯುತ್ತಿದ್ದವು.

ಮೂರನೆಯದು ಹಳೆಯ ನಿಯಮದ ತಪ್ಪು. 2007ರಲ್ಲಿ ಅಮೆರಿಕದಲ್ಲಿ ಬೇಸಿಗೆ ಸಮಯ ಏಪ್ರಿಲ್ 1ರ ಬದಲು ಮಾರ್ಚ್ 11ರಂದೇ ಆರಂಭವಾಯಿತು. ತಿದ್ದುಪಡಿ ಹಾಕಿಸಿಕೊಳ್ಳದ ಕಂಪ್ಯೂಟರುಗಳು ಆ ಮೂರು ವಾರ ಹಿಂದೆ ಬಿದ್ದವು. ದಿನಚರಿಯಲ್ಲಿ ಮೊದಲೇ ಬರೆದಿಟ್ಟ ಸಭೆಗಳು ಒಂದು ಗಂಟೆ ಆಚೀಚೆಯಾದವು. ತಂತ್ರಾಂಶ ಸಂಸ್ಥೆಗಳು ತಿದ್ದುಪಡಿಗಳನ್ನು ತುರ್ತಾಗಿ ಹೊರತರಬೇಕಾಯಿತು.

ನಾಲ್ಕನೆಯದು ಇಬ್ಬರು ಸೇರಿ ಒಂದೇ ಸಾರಿಗೆ ಉಪ್ಪು ಹಾಕಿದಂತೆ. 1990ರ ದಶಕದ ಪಿ.ಸಿ.ಗಳ ಒಳಗಡಿಯಾರ ಸ್ಥಳೀಯ ಗಂಟೆಯಲ್ಲಿಯೇ ಓಡುತ್ತಿತ್ತು. ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣೆ ವ್ಯವಸ್ಥೆಗಳಿದ್ದರೆ ನವೆಂಬರಿನಂಥ ದಿನ ಒಂದು ಗಡಿಯಾರವನ್ನು ಹಿಂದಿಡುತ್ತಿತ್ತು. ಮರುದಿನ ಇನ್ನೊಂದು ಎದ್ದು ತಾನೂ ಹಿಂದಿಡುತ್ತಿತ್ತು.

ರೋಗ ಗುರುತಿಸುವ ಬಗೆ

ಒಳ್ಳೆಯ ವೈದ್ಯ ಮೊದಲು ಜ್ವರ ಎಷ್ಟು, ಯಾವಾಗಿನಿಂದ ಎಂದು ಕೇಳುತ್ತಾನೆ. ಇಲ್ಲಿಯೂ ಅದೇ ಕ್ರಮ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಬೇಸಿಗೆ ಸಮಯದ ತಂಟೆಯಿಲ್ಲ, ಭಾರತದ ಗಂಟೆಯನ್ನು ಯಾರೋ ವಿಶ್ವಸಮಯವೆಂದು ತಿಳಿದಿದ್ದಾರೆ, ಅಥವಾ ವಿಶ್ವಸಮಯವನ್ನು ಭಾರತದ್ದೆಂದು. ವ್ಯತ್ಯಾಸ ಸರಿಯಾಗಿ ಒಂದು ಗಂಟೆ ಇದ್ದು, ವರ್ಷದ ಅರ್ಧಭಾಗದ ಸಂದೇಶಗಳಲ್ಲಿ ಮಾತ್ರ ಇದ್ದರೆ ಬೇಸಿಗೆ ಸಮಯದ ಲೆಕ್ಕ ತಪ್ಪಿದೆ. ಮಾರ್ಚ್‌ನ ಕೆಲವು ವಾರ ಮತ್ತು ಅಕ್ಟೋಬರ್ ಕೊನೆಯ ಒಂದು ವಾರ ಮಾತ್ರ ಕೆಡುತ್ತಿದ್ದರೆ ಯಂತ್ರದಲ್ಲಿ 2007ಕ್ಕಿಂತ ಹಿಂದಿನ ನಿಯಮವೇ ಉಳಿದಿದೆ, ಅಥವಾ ಅಮೆರಿಕದ ಊರಿಗೆ ಯೂರೋಪಿನ ನಿಯಮ ಹಚ್ಚಿದ್ದಾರೆ. ಹಳೆಯ ಸಂದೇಶಗಳ ಹೊತ್ತು ನೋಡುವ ತಿಂಗಳಿನಂತೆ ಬದಲಾಗುತ್ತಿದ್ದರೆ ದಾಖಲೆ ಸರಿಯಿದೆ, ತೋರಿಸುವ ಭಾಗ ಕೆಟ್ಟಿದೆ. ವ್ಯತ್ಯಾಸ ಏಳು ನಿಮಿಷವೋ ಹನ್ನೆರಡು ನಿಮಿಷವೋ ಆಗಿದ್ದರೆ ಗಡಿಯಾರವೇ ನಿಧಾನ, ಇದ್ಯಾವುದೂ ಅಲ್ಲ.

ಮದ್ದು

ಮಾಡಬಾರದ್ದನ್ನು ಮೊದಲು ಹೇಳಬೇಕು. ಗಂಟೆ ತಪ್ಪು ಕಂಡೊಡನೆ ಕಂಪ್ಯೂಟರಿನ ಗಡಿಯಾರವನ್ನು ಕೈಯಿಂದ ಒಂದು ಗಂಟೆ ತಿರುಗಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆಗ ಪರದೆಯಲ್ಲಿ ಗಂಟೆ ಸರಿಯಾಗಿ ಕಾಣುತ್ತದೆ, ಒಳಗಿನ ವಿಶ್ವಸಮಯ ಕೆಡುತ್ತದೆ. ಅಲ್ಲಿಂದ ಹೊರಡುವ ಸಂದೇಶಗಳೆಲ್ಲ ಊರವರಿಗೆಲ್ಲ ಒಂದು ಗಂಟೆ ತಪ್ಪಾಗಿ ಕಾಣತೊಡಗುತ್ತವೆ. ತನ್ನ ಅಂಗಳದ ಕಸವನ್ನು ಪಕ್ಕದವರ ಅಂಗಳಕ್ಕೆ ಗುಡಿಸಿದಂತೆ. ಸರಿಯಾದ ಕ್ರಮವೆಂದರೆ ಕಂಪ್ಯೂಟರಿಗೆ ಊರು ಯಾವುದೆಂದು ತಿಳಿಸಿ, ನಿಯಮಗಳ ಕಡತವನ್ನು ಹೊಸದಾಗಿಸಿ, ಗಡಿಯಾರವನ್ನು ಅದರ ಪಾಡಿಗೆ ಬಿಡುವುದು.

ತಂತ್ರಾಂಶ ಬರೆಯುವವರಿಗೆ ಸೂತ್ರ ಚಿಕ್ಕದು. ನಡೆದುಹೋದ ಘಟನೆಯನ್ನು ವಿಶ್ವಸಮಯದಲ್ಲಿ ಬರೆದಿಡಿ. ಜೋಡಿಸುವುದು, ಕಳೆಯುವುದು, ಹೋಲಿಸುವುದು ಎಲ್ಲವನ್ನೂ ಅದರಲ್ಲಿಯೇ ಮಾಡಿ. ಊರಿನ ಗಂಟೆಗೆ ತಿರುಗಿಸುವುದು ತೋರಿಸುವ ಕೊನೆಯ ಗಳಿಗೆಯಲ್ಲಿ ಮಾತ್ರ. ತಿರುಗಿಸುವಾಗ ಇಂದಿನ ನಿಯಮ ಬೇಡ, ಆ ಸಂದೇಶದ ದಿನ ಆ ಊರಿನಲ್ಲಿ ಯಾವ ನಿಯಮವಿತ್ತೋ ಅದು ಬೇಕು.

ಇದಕ್ಕೆ ಒಂದು ಅಪವಾದವಿದೆ. ಮುಂದೆ ನಡೆಯಬೇಕಾದ ಸಭೆ, ಪಾಠ, ಸಂದರ್ಶನಗಳನ್ನು "ನ್ಯೂಯಾರ್ಕ್, ಬೆಳಿಗ್ಗೆ 9" ಎಂದು ಊರು ಮತ್ತು ಗಂಟೆಯ ರೂಪದಲ್ಲಿಯೇ ಇಡಬೇಕು. ಏಕೆಂದರೆ ಅಷ್ಟರೊಳಗೆ ಸರ್ಕಾರ ನಿಯಮವನ್ನೇ ಬದಲಿಸಬಹುದು. ಮೆಕ್ಸಿಕೊ 2022ರಲ್ಲಿ ದೇಶದ ಬಹುಭಾಗದಲ್ಲಿ ಬೇಸಿಗೆ ಸಮಯವನ್ನು ಕೈಬಿಟ್ಟಿತು. ಯೂರೋಪಿನ ಸಂಸತ್ತು 2021ರಿಂದ ಅದನ್ನು ನಿಲ್ಲಿಸಬೇಕೆಂದು 2019ರಲ್ಲಿ ಮತ ಹಾಕಿತು, ಆದರೆ ಅಂದುಕೊಂಡ ವರ್ಷಕ್ಕೆ ಅದು ಜಾರಿಗೆ ಬರಲಿಲ್ಲ.

ಈಗಾಗಲೇ ಕೆಟ್ಟ ದಾಖಲೆಗಳನ್ನು ತಿದ್ದುವುದು ತಾಳ್ಮೆಯ ಕೆಲಸ. ಮೂಲದ ಒಂದು ಪ್ರತಿಯನ್ನು ಎತ್ತಿಡದೆ ಕೈ ಹಾಕಬಾರದು. ತಿದ್ದಿದ ಪ್ರತಿ ದಾಖಲೆಗೂ ಗುರುತು ಹಾಕಬೇಕು, ಇಲ್ಲದಿದ್ದರೆ ಇನ್ನೊಬ್ಬರು ಅದನ್ನೇ ಮತ್ತೆ ತಿದ್ದಿ ಎರಡು ಗಂಟೆ ಕೆಡಿಸುತ್ತಾರೆ. ಊರು ಗೊತ್ತಿದ್ದರೆ ಹೆಚ್ಚಿನ ದಾಖಲೆಗಳನ್ನು ನಿಯಮದ ಪ್ರಕಾರ ವಿಶ್ವಸಮಯಕ್ಕೆ ತಿರುಗಿಸಬಹುದು. ಉಳಿಯುವುದು ವರ್ಷಕ್ಕೊಮ್ಮೆ ಎರಡು ಸಲ ಬರುವ ಆ ಒಂದು ಗಂಟೆ. ಬಾಲವಿಲ್ಲದ 1:05 ಮೊದಲ ಸುತ್ತಿನದೋ ಎರಡನೆಯ ಸುತ್ತಿನದೋ? ಗಡಿಯಾರ ಹೇಳದು, ಬೇರೆ ಸಾಕ್ಷಿ ಹುಡುಕಬೇಕು. ಸಂದೇಶಗಳಿಗೆ ಬಂದ ಕ್ರಮದಲ್ಲಿ ಸಂಖ್ಯೆ ಕೊಟ್ಟಿದ್ದರೆ, 1:50ರ ಸಂದೇಶದ ನಂತರದ ಸಂಖ್ಯೆಯಲ್ಲಿ 1:05 ಇದ್ದರೆ ಅದು ಎರಡನೆಯ ಸುತ್ತಿನದೇ. ಇ-ಮೇಲ್ ಆದರೆ ದಾರಿಯಲ್ಲಿ ಅದನ್ನು ಪಡೆದು ದಾಟಿಸಿದ ಕಂಪ್ಯೂಟರುಗಳೂ ತಮ್ಮ ತಮ್ಮ ಮುದ್ರೆ ಒತ್ತಿರುತ್ತವೆ. ಯಾವ ಸಾಕ್ಷಿಯೂ ಸಿಗದಿದ್ದರೆ "ಖಚಿತವಿಲ್ಲ" ಎಂದು ಬರೆದಿಡುವುದೇ ಪ್ರಾಮಾಣಿಕತೆ. ಇನ್ನು ಮಾರ್ಚ್‌ನ ಆ ಭಾನುವಾರ ನ್ಯೂಯಾರ್ಕಿನ ದಾಖಲೆಯಲ್ಲಿ 2:30 ಎಂದಿದ್ದರೆ ಯೋಚಿಸಬೇಕಾಗಿಯೇ ಇಲ್ಲ. ಆ ಗಂಟೆ ಅಲ್ಲಿ ಇರಲೇ ಇಲ್ಲ, ಅದು ತಪ್ಪು ದಾಖಲೆ.

ಪಂಚಾಂಗದಂಥ ಒಂದು ಕಡತ

ಯಾವ ಊರಿನಲ್ಲಿ ಯಾವ ವರ್ಷ ಯಾವ ನಿಯಮವಿತ್ತು ಎಂಬುದನ್ನು ಕಂಪ್ಯೂಟರಿಗೆ ಹೇಳುವವರು ಯಾರು? 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಈ ನಿಯಮಗಳನ್ನೆಲ್ಲ ಒಂದು ಕಡತದಲ್ಲಿ ಕೂಡಿಸಲು ಆರಂಭಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಪಾಲ್ ಎಗರ್ಟ್ ಅದರ ಸಂಪಾದನೆಯನ್ನು ಮುಂದುವರಿಸಿದರು. ಜಗತ್ತಿನ ನಾನಾ ಕಡೆಯ ಆಸಕ್ತರು ಸರ್ಕಾರಿ ಪ್ರಕಟಣೆ, ಹಳೆಯ ಪತ್ರಿಕೆಗಳನ್ನು ಹುಡುಕಿ ಇದಕ್ಕೆ ಮಾಹಿತಿ ತುಂಬುತ್ತ ಬಂದಿದ್ದಾರೆ. ಬಹುಪಾಲು ಮೊಬೈಲುಗಳ, ಕಂಪ್ಯೂಟರುಗಳ ಗಡಿಯಾರದ ಹಿಂದೆ ಇಂದು ಇರುವುದು ಈ ಉಚಿತ ಕಡತವೇ. ಕಂಪ್ಯೂಟರಿನಲ್ಲಿ ಊರು ಆರಿಸುವಾಗ "ಏಷ್ಯಾ/ಕೋಲ್ಕತ್ತ" ಎಂದು ಕಾಣುವುದು ಇದರಿಂದಲೇ. ಭಾರತಕ್ಕೆಲ್ಲ ಒಂದೇ ಸಮಯವಾದ್ದರಿಂದ ಬೆಂಗಳೂರಿನವರೂ ಕೋಲ್ಕತ್ತದ ಹೆಸರನ್ನೇ ಆರಿಸಬೇಕು.

ಈ ಕಡತದ ಮೇಲೆ 2011ರ ಸೆಪ್ಟೆಂಬರ್ ಕೊನೆಯಲ್ಲಿ ದಾವೆ ಹೂಡಿದ್ದು ಆಸ್ಟ್ರೊಲೇಬ್ ಎಂಬ ಜ್ಯೋತಿಷ್ಯದ ತಂತ್ರಾಂಶ ಸಂಸ್ಥೆ! ಹುಟ್ಟಿದ ಹೊತ್ತಿನಿಂದ ಜಾತಕ ಬರೆಯುವವರಿಗೆ ಹಳೆಯ ಕಾಲದ ಗಡಿಯಾರದ ನಿಯಮಗಳು ಅಗತ್ಯ. ತಾನು ಹಕ್ಕು ಪಡೆದ ಒಂದು ಸಂಗ್ರಹದಿಂದ ಮಾಹಿತಿ ಎತ್ತಿದ್ದಾರೆಂಬುದು ಅದರ ದೂರು. ಕೆಲ ದಿನ ಕಡತದ ಕೆಲಸವೇ ನಿಂತಿತು. ಅಕ್ಟೋಬರಿನಲ್ಲಿ ಅಂತರ್ಜಾಲದ ಹೆಸರು, ಸಂಖ್ಯೆಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ ಅದರ ಹೊಣೆ ಹೊತ್ತಿತು. 2012ರ ಫೆಬ್ರವರಿಯಲ್ಲಿ ದಾವೆಯನ್ನು ಹಿಂತೆಗೆದುಕೊಳ್ಳಲಾಯಿತು. ಇಂಥ ದಿನ ಗಡಿಯಾರ ಜರುಗಿತು ಎಂಬ ಸತ್ಯ ಸಂಗತಿ ಯಾರೊಬ್ಬರ ಸ್ವತ್ತೂ ಅಲ್ಲವಷ್ಟೆ.

ಸರ್ಕಾರಗಳು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿದರೆ ಏನಾಗುತ್ತದೆ ಎಂಬುದನ್ನು ಲೆಬನಾನ್ ತೋರಿಸಿತು. 2023ರ ಮಾರ್ಚ್ 26ರಂದು ಅಲ್ಲಿ ಗಡಿಯಾರ ಮುಂದೆ ಹೋಗಬೇಕಿತ್ತು. ಎರಡು-ಮೂರು ದಿನ ಮೊದಲು ಪ್ರಧಾನಿ ನಜೀಬ್ ಮಿಕಾತಿ ಅದನ್ನು ರಂಜಾನ್ ಮುಗಿಯುವವರೆಗೆ ಮುಂದೂಡಿದರು. ಮಾರೊನೈಟ್ ಚರ್ಚ್ ಒಪ್ಪಲಿಲ್ಲ, ಕೆಲ ದೂರದರ್ಶನ ವಾಹಿನಿಗಳೂ ಒಪ್ಪಲಿಲ್ಲ. ಒಂದೇ ಊರಿನಲ್ಲಿ ಎರಡು ಗಂಟೆ! ಕಡೆಗೆ ಸರ್ಕಾರ ಮಣಿದು ಅದೇ ವಾರ ಗಡಿಯಾರ ಮುಂದಿಟ್ಟಿತು. ಕಡತದವರು ಕೆಲವೇ ದಿನಗಳಲ್ಲಿ ಎರಡು ಬಾರಿ ತಿದ್ದಬೇಕಾಯಿತು.

ನಮ್ಮಲ್ಲೂ ಜರುಗಿತ್ತು ಗಡಿಯಾರ

ಇದೆಲ್ಲ ಹೊರದೇಶದ ತಾಪತ್ರಯ ಎಂದುಕೊಳ್ಳಬೇಕಾಗಿಲ್ಲ. 82.5 ಡಿಗ್ರಿ ರೇಖಾಂಶವನ್ನು ಆಧರಿಸಿದ ಭಾರತೀಯ ಕಾಲಮಾನ 1906ರ ಜನವರಿ 1ರಿಂದ ಬಳಕೆಗೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಅದನ್ನು ಒಂದು ಗಂಟೆ ಮುಂದಿಡಲಾಗಿತ್ತು. 1943ರಲ್ಲಿ ಹುಟ್ಟಿದ ಅಜ್ಜನ ಜನನದ ಹೊತ್ತು ಯುದ್ಧಕಾಲದ ಗಡಿಯಾರದಂತೆ "ಬೆಳಿಗ್ಗೆ ಆರೂವರೆ" ಎಂದು ಬರೆದಿದ್ದರೆ ಇಂದಿನ ಲೆಕ್ಕಕ್ಕೆ ಅದು ಐದೂವರೆ. ಆ ವರ್ಷಗಳ ಜಾತಕ ಬರೆಯುವಾಗ ಬಲ್ಲ ಜೋಯಿಸರು ಈ ಒಂದು ಗಂಟೆ ಕಳೆಯಲು ಮರೆಯುವುದಿಲ್ಲ. ತಂತ್ರಾಂಶದವರು ಇಂದು ಮಾಡುವ ತಿದ್ದುಪಡಿಯೂ ಇದೇ. ಬರೆದವರು ಯಾವ ಗಡಿಯಾರ ನೋಡಿ ಬರೆದರು ಎಂಬ ಪ್ರಶ್ನೆಯೇ ಎರಡಕ್ಕೂ ಮೂಲ.

ವಿದ್ಯಾರ್ಥಿಗಳೂ ಪೋಷಕರೂ ಗಮನಿಸಬೇಕಾದದ್ದು

ಹೊರದೇಶದ ವಿಶ್ವವಿದ್ಯಾಲಯದ ಸಂದರ್ಶನ, ಅರ್ಜಿಯ ಕೊನೆಯ ಗಳಿಗೆ, ದೂರವಾಣಿ ಪರೀಕ್ಷೆ – ಇವೆಲ್ಲ ಇಂದು ಮಧ್ಯಮವರ್ಗದ ಮನೆಗಳಿಗೂ ಬಂದಿವೆ. ನ್ಯೂಯಾರ್ಕಿನ ಬೆಳಿಗ್ಗೆ 9 ಎಂದರೆ ಬೇಸಿಗೆ ಸಮಯದಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಲಂಡನ್ನಿನ ಬೆಳಿಗ್ಗೆ 9 ಎಂದರೆ ಬೇಸಿಗೆಯಲ್ಲಿ ಮಧ್ಯಾಹ್ನ 1:30, ಚಳಿಗಾಲದಲ್ಲಿ 2:30. ಅಮೆರಿಕ ಮತ್ತು ಯೂರೋಪಿನ ದಿನಗಳು ಬೇರೆ ಬೇರೆ ಆದ್ದರಿಂದ ಮಾರ್ಚ್‌ನ ಎರಡು-ಮೂರು ವಾರ ಮತ್ತು ಅಕ್ಟೋಬರ್-ನವೆಂಬರ್ ನಡುವಿನ ವಾರ ವಿಶೇಷ ಎಚ್ಚರ ಬೇಕು. ಅಮೆರಿಕದವರು ಬೇಸಿಗೆಯಲ್ಲಿಯೂ ಅಭ್ಯಾಸಬಲದಿಂದ "ಇ.ಎಸ್.ಟಿ." ಎಂದು ಚಳಿಗಾಲದ ಹೆಸರನ್ನೇ ಬರೆಯುವುದುಂಟು. ಹೆಸರನ್ನು ನಂಬದೆ, "ಭಾರತದ ಗಂಟೆಯಲ್ಲಿ ಎಷ್ಟು?" ಎಂದು ಒಂದು ಸಾಲು ಬರೆದು ಕೇಳುವುದರಲ್ಲಿ ಸಂಕೋಚ ಬೇಡ.

ಕಂಪ್ಯೂಟರ್ ಕಲಿಯುತ್ತಿರುವವರಿಗೆ ಇದರಲ್ಲಿ ಒಳ್ಳೆಯ ಅಭ್ಯಾಸವೂ ಇದೆ. ಯಾವುದಾದರೂ ಇ-ಮೇಲ್‌ನ ಪೂರ್ಣ ತಲೆಬರಹ ತೆರೆದು, ಅದು ದಾಟಿ ಬಂದ ಪ್ರತಿ ಕಂಪ್ಯೂಟರಿನ ಮುದ್ರೆಯನ್ನೂ ವಿಶ್ವಸಮಯಕ್ಕೆ ತಿರುಗಿಸಿ ನೋಡಲಿ. ಗಂಟೆಗಳು ಎಷ್ಟೇ ಅಡ್ಡಾದಿಡ್ಡಿ ಕಂಡರೂ, ಆ ಕಂಪ್ಯೂಟರುಗಳ ಗಡಿಯಾರ ಸರಿಯಿದ್ದರೆ, ಬಾಲದ ಅಂಕಿಯನ್ನು ಕಳೆದೊಡನೆ ಎಲ್ಲವೂ ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ.

ಧಾರವಾಡದ ಆ ತಮ್ಮನಿಗೆ ಬೇಕಾಗಿದ್ದದ್ದೂ ಇಷ್ಟೇ: 1:50ರ ಪಕ್ಕದಲ್ಲಿ ಒಂದು -0400, 1:05ರ ಪಕ್ಕದಲ್ಲಿ ಒಂದು -0500. ಅವೆರಡಿದ್ದಿದ್ದರೆ ಅಕ್ಕನ ಕೊನೆಯ ಮಾತು "ಕಳಸು" ಎಂಬುದಾಗಿತ್ತು ಎಂದು ತಂತ್ರಾಂಶಕ್ಕೆ ತಿಳಿಯುತ್ತಿತ್ತು, ಅರ್ಜಿ ಹೊತ್ತಿಗೆ ಸರಿಯಾಗಿ ಹೊರಡುತ್ತಿತ್ತು.